ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಯಲ್ಲಿ ಕಾಂಟ್ರಾಸ್ಟ್ ಎಂಆರ್‌ಐ: ನಮ್ಮ ಕರಾವಳಿಯ ಹಿರಿಯರು ತಿಳಿದಿರಬೇಕಾದದ್ದು

ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲೂಕುಗಳ ಗ್ರಾಮ ಪಂಚಾಯಿತಿ ಪ್ರತಿನಿಧಿಗಳು, ಸಿಬ್ಬಂದಿ, ಆಶಾ ಕಾರ್ಯಕರ್ತೆಯರು ಹಾಗೂ ಹಿರಿಯ ನಾಗರಿಕರಿಗಾಗಿ ಹೊನ್ನಾವರದಲ್ಲಿ ಏರ್ಪಡಿಸಿದ್ದ ಆರೋಗ್ಯ ತಿಳಿವಳಿಕೆ ಸಭೆಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಉಪನ್ಯಾಸದ ಪಠ್ಯ. ಎಲ್ಲ ಗ್ರಾಮ ಪಂಚಾಯಿತಿಗಳ ಮಾಹಿತಿಗಾಗಿ ಪ್ರಕಟಿಸಲಾಗಿದೆ.



ನಾನು ವೈದ್ಯನಲ್ಲ. ಓದಿದ್ದು ಎಂಜಿನಿಯರಿಂಗ್, ಮಾಡುತ್ತಿರುವುದು ಪಂಚಾಯಿತಿಯ ಕೆಲಸ. ನೀರು, ರಸ್ತೆ, ಕಂದಾಯ, ಬೀದಿದೀಪ ಇವು ನನ್ನ ನಿತ್ಯದ ವಿಷಯಗಳು. ಇಂಥವನು ಪ್ರಾಸ್ಟೇಟ್ ಕ್ಯಾನ್ಸರ್ ಕುರಿತು ಮಾತನಾಡುವುದಕ್ಕೆ ಎರಡು ಕಾರಣಗಳಿವೆ. ಒಂದು ನನ್ನ ಮನೆಯದು, ಇನ್ನೊಂದು ನಮ್ಮ ಪಂಚಾಯಿತಿಯದು. ಎರಡನ್ನೂ ಮೊದಲೇ ಹೇಳಿಬಿಡುತ್ತೇನೆ. ಅನಂತರ ಯಂತ್ರದ ವಿಷಯಕ್ಕೆ ಬರೋಣ.

ನಮ್ಮ ತಂದೆಯವರಿಗೆ ಆಗ 71 ವರ್ಷ. ರಾತ್ರಿ ನಾಲ್ಕೈದು ಬಾರಿ ಏಳುತ್ತಿದ್ದರು. ಕೇಳಿದರೆ, “ವಯಸ್ಸಾದ್ಮೇಲೆ ಇದೆಲ್ಲ ಇರೂದೇ, ತಮಾ” ಎನ್ನುತ್ತಿದ್ದರು. ನಮ್ಮ ತಾಯಿಯವರ ಒತ್ತಾಯಕ್ಕೆ ಮೇ ತಿಂಗಳ ಕೊನೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದರು. ವರದಿ ನನ್ನ ಮೊಬೈಲಿಗೆ ಬಂತು. ಪಿಎಸ್‌ಎ 7.8 ಎಂದಿತ್ತು, ಪಕ್ಕದಲ್ಲಿ ನಕ್ಷತ್ರದ ಗುರುತೂ ಇತ್ತು. ಆಗ ಮಳೆಗಾಲದ ಪೂರ್ವಸಿದ್ಧತೆಯ ಸಭೆಗಳು, ಚರಂಡಿ ಹೂಳೆತ್ತುವ ಕೆಲಸ, ಕಾಳಜಿ ಕೇಂದ್ರಗಳ ಪಟ್ಟಿ. ನೋಡೋಣ ಎಂದು ಬಿಟ್ಟೆ. ಮತ್ತೆ ಆ ವರದಿಯನ್ನು ತೆರೆದದ್ದು ಅಕ್ಟೋಬರಿನಲ್ಲಿ. ಸಕಾಲದ ಅರ್ಜಿ ಒಂದು ದಿನ ತಡವಾದರೂ ನನ್ನ ಗಣಕದಲ್ಲಿ ಕೆಂಪು ಗುರುತು ಬರುತ್ತದೆ. ಹೆತ್ತ ತಂದೆಯ ವರದಿ ನಾಲ್ಕು ತಿಂಗಳು ಬಿದ್ದಿತ್ತು, ಅದಕ್ಕೆ ಯಾವ ಕೆಂಪು ಗುರುತೂ ಬರಲಿಲ್ಲ.

ಎರಡನೆಯದು ನಮ್ಮ ಪಂಚಾಯಿತಿಯ ಹಳೆಯ ನೀರುಗಂಟಿಯವರ ವಿಷಯ. ನಿವೃತ್ತರಾದ ಮೇಲೆ ಅವರಿಗೆ ಸೊಂಟನೋವು ಶುರುವಾಯಿತು. ಜೀವನಪೂರ್ತಿ ವಾಲ್ವ್ ತಿರುಗಿಸಿದ ದೇಹ, ನೋವು ಸಹಜ ಎಂದೇ ಅವರೂ ನಾವೂ ಎಣಿಸಿದೆವು. ಎಣ್ಣೆ ಹಚ್ಚಿದರು, ಮಾತ್ರೆ ನುಂಗಿದರು. ಒಂದು ವರ್ಷ ಹೀಗೇ ಕಳೆಯಿತು. ಮೂತ್ರದ ತೊಂದರೆ ಅದಕ್ಕೂ ಮೊದಲಿನಿಂದ ಇತ್ತಂತೆ. ಮನೆಯಲ್ಲಿ ಸೊಸೆಯಂದಿರು ಇದ್ದಾರೆ ಎಂಬ ಸಂಕೋಚದಿಂದ ಹೇಳಿರಲಿಲ್ಲ. ತಪಾಸಣೆಯಾದಾಗ ರೋಗ ಪ್ರಾಸ್ಟೇಟಿನಿಂದ ಬೆನ್ನೆಲುಬಿಗೆ ಹರಡಿತ್ತು. ಅವರು ಈಗ ನಮ್ಮೊಂದಿಗಿಲ್ಲ. ಈ ಉಪನ್ಯಾಸದಲ್ಲಿ ಅವರ ಹೆಸರು ಹೇಳುವುದಿಲ್ಲ. ಆದರೆ ಅವರು ನನಗೆ ಕಲಿಸಿದ ಒಂದು ಪಾಠದಿಂದಲೇ ಈ ಯಂತ್ರದ ಗುಟ್ಟನ್ನು ವಿವರಿಸುತ್ತೇನೆ.

ಗ್ರಂಥಿ ಎಲ್ಲಿದೆ, ತೊಂದರೆ ಏನು

ಪ್ರಾಸ್ಟೇಟ್ ಪುರುಷರಲ್ಲಿ ಮಾತ್ರ ಇರುವ ಗ್ರಂಥಿ. ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ, ಮೂತ್ರನಾಳವನ್ನು ಸುತ್ತುವರಿದು ಕುಳಿತಿರುತ್ತದೆ. ವೀರ್ಯದಲ್ಲಿನ ದ್ರವದ ಒಂದು ಭಾಗವನ್ನು ಅದು ತಯಾರಿಸುತ್ತದೆ. ಯೌವನದಲ್ಲಿ ದೊಡ್ಡ ನೆಲ್ಲಿಕಾಯಿಯಷ್ಟಿರುವ ಇದು ವಯಸ್ಸಾದಂತೆ ಹಿಗ್ಗುತ್ತದೆ. ಹಿಗ್ಗಿದಾಗ ನಡುವಿನ ಮೂತ್ರನಾಳ ಒತ್ತಿಹೋಗಿ ಧಾರೆ ತೆಳುವಾಗುತ್ತದೆ, ರಾತ್ರಿ ಏಳುವುದು ಹೆಚ್ಚುತ್ತದೆ. ಈ ಹಿಗ್ಗುವಿಕೆ ಕ್ಯಾನ್ಸರ್ ಅಲ್ಲ, ಬಹುಪಾಲು ಹಿರಿಯರಿಗೆ ಇರುವುದು ಇದೇ.

ಕ್ಯಾನ್ಸರ್ ಹುಟ್ಟುವುದು ಹೆಚ್ಚಾಗಿ ಗ್ರಂಥಿಯ ಹೊರಅಂಚಿನಲ್ಲಿ. ಸುಮಾರು ನಾಲ್ಕರಲ್ಲಿ ಮೂರು ಪ್ರಕರಣಗಳು ಆ ಹೊರವಲಯದವು. ಆದ್ದರಿಂದಲೇ ಆರಂಭದಲ್ಲಿ ಅದು ಮೂತ್ರನಾಳವನ್ನು ಒತ್ತುವುದಿಲ್ಲ, ನೋಯುವುದಿಲ್ಲ, ಸುದ್ದಿ ಮಾಡುವುದಿಲ್ಲ. ನೋವು ಬರುವ ಹೊತ್ತಿಗೆ ಕೆಲವೊಮ್ಮೆ ಎಲುಬಿಗೆ ತಲುಪಿರುತ್ತದೆ.

2022ರ ಜಾಗತಿಕ ಅಂದಾಜಿನಂತೆ ಪ್ರಪಂಚದಲ್ಲಿ ಆ ವರ್ಷ ಸುಮಾರು 14.7 ಲಕ್ಷ ಪುರುಷರಲ್ಲಿ ಈ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು, ಸುಮಾರು 4 ಲಕ್ಷ ಜನ ಇದರಿಂದ ತೀರಿಕೊಂಡರು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ನಡೆಸುತ್ತಿರುವ ಕ್ಯಾನ್ಸರ್ ನೋಂದಣಿಯಲ್ಲಿಯೂ ಪುರುಷರ ಪ್ರಮುಖ ಕ್ಯಾನ್ಸರ್‌ಗಳ ಸಾಲಿನಲ್ಲಿ ಪ್ರಾಸ್ಟೇಟ್ ಸೇರಿದೆ. ಆಯಸ್ಸು ಹೆಚ್ಚಿದಂತೆ ಇದೂ ಹೆಚ್ಚುತ್ತದೆ. ಆದರೆ ಸರ್ಕಾರದ ಅಸಾಂಕ್ರಾಮಿಕ ರೋಗಗಳ ಸಾಮೂಹಿಕ ತಪಾಸಣೆಯಲ್ಲಿ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್‌ಗಳಿವೆ, ಪ್ರಾಸ್ಟೇಟ್ ಇಲ್ಲ. ಇದನ್ನು ಹುಡುಕಿಕೊಂಡು ನಿಮ್ಮ ಮನೆಬಾಗಿಲಿಗೆ ಯಾರೂ ಬರುವುದಿಲ್ಲ. ಹಿರಿಯರು ತಾವೇ ಬಾಯಿ ಬಿಡಬೇಕು.

ರಕ್ತ ಪರೀಕ್ಷೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಪಿಎಸ್‌ಎ ಎಂಬುದು ಪ್ರಾಸ್ಟೇಟ್ ಗ್ರಂಥಿ ಉತ್ಪಾದಿಸುವ ಒಂದು ಪ್ರೋಟೀನು. ಅದು ರಕ್ತದಲ್ಲಿ ಮಿಲಿಲೀಟರಿಗೆ 4 ನ್ಯಾನೊಗ್ರಾಂ ಮೀರಿದರೆ ವರದಿಯಲ್ಲಿ ಸಾಮಾನ್ಯವಾಗಿ ಗುರುತು ಹಾಕುತ್ತಾರೆ. ಆದರೆ ಪಿಎಸ್‌ಎ ಹೆಚ್ಚಿದ್ದೆಲ್ಲ ಕ್ಯಾನ್ಸರ್ ಅಲ್ಲ. ಗ್ರಂಥಿ ಹಿಗ್ಗಿದರೂ, ಸೋಂಕಾದರೂ, ಮೂತ್ರದ ನಳಿಕೆ ಹಾಕಿಸಿಕೊಂಡಿದ್ದರೂ ಅದು ಏರುತ್ತದೆ. ಮೂತ್ರದ ಸೋಂಕು ಇದ್ದವರು ವಾಸಿಯಾಗಿ ಕೆಲವು ವಾರಗಳ ಬಳಿಕ ಮತ್ತೆ ಪರೀಕ್ಷಿಸಿಕೊಳ್ಳಬೇಕು. ಇದಕ್ಕೆ ವಿರುದ್ಧವಾದ ಸಂಗತಿಯೂ ಒಂದಿದೆ. ಗ್ರಂಥಿ ಕುಗ್ಗಿಸಲೆಂದು ಕೊಡುವ ಫಿನಾಸ್ಟರೈಡ್, ಡುಟಾಸ್ಟರೈಡ್ ಮಾತ್ರೆಗಳನ್ನು ಆರು ತಿಂಗಳಿಗೂ ಹೆಚ್ಚು ಕಾಲ ತೆಗೆದುಕೊಂಡರೆ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅಂಥವರಲ್ಲಿ 3 ಎಂದು ಬಂದರೆ ನಿಜದಲ್ಲಿ ಅದು 6ಕ್ಕೆ ಸಮ. ಆದ್ದರಿಂದ ಯಾವ ಮಾತ್ರೆ ನುಂಗುತ್ತಿದ್ದೀರಿ ಎಂಬುದನ್ನು ಚೀಟಿಸಮೇತ ವೈದ್ಯರಿಗೆ ತೋರಿಸಿ.

ಎಲ್ಲ ಪುರುಷರೂ ನಾಳೆಯೇ ಪಿಎಸ್‌ಎ ಮಾಡಿಸಿ ಎಂದು ನಾನು ಹೇಳುತ್ತಿಲ್ಲ. ಲಕ್ಷಣಗಳಿಲ್ಲದವರು 55ರಿಂದ 69ರ ವಯಸ್ಸಿನಲ್ಲಿ ವೈದ್ಯರೊಡನೆ ಲಾಭನಷ್ಟ ಚರ್ಚಿಸಿ ನಿರ್ಧರಿಸಬೇಕೆಂದು, 70 ದಾಟಿದವರಿಗೆ ವಾಡಿಕೆಯ ಪರೀಕ್ಷೆ ಬೇಡವೆಂದು ಅಮೆರಿಕದ ತಜ್ಞರ ಕಾರ್ಯಪಡೆ 2018ರಲ್ಲಿ ಹೇಳಿತು. ತಂದೆಗೋ ಅಣ್ಣತಮ್ಮಂದಿರಿಗೋ ಈ ರೋಗವಿದ್ದರೆ ಇನ್ನೂ ಮುಂಚೆ ಯೋಚಿಸಬೇಕು. ಲಕ್ಷಣವಿದ್ದವರ ಮಾತು ಬೇರೆ. ಅವರಿಗೆ ಯಾವ ವಯಸ್ಸಾದರೂ ತಪಾಸಣೆ ಅಗತ್ಯ.

ಮೊದಲೆಲ್ಲ ಪಿಎಸ್‌ಎ ಹೆಚ್ಚಿದ್ದರೆ ನೇರವಾಗಿ ಬಯಾಪ್ಸಿಗೆ ಹೋಗುತ್ತಿದ್ದರು. ಗುದನಾಳದ ಮೂಲಕ ಅಲ್ಟ್ರಾಸೌಂಡ್ ಇಟ್ಟು, ಗ್ರಂಥಿಯ ಹತ್ತು ಹನ್ನೆರಡು ಕಡೆ ಸೂಜಿ ಚುಚ್ಚಿ ಚೂರು ತೆಗೆಯುವುದು. ಸೂಜಿ ರೋಗವಿದ್ದ ಜಾಗಕ್ಕೇ ತಾಗುತ್ತದೆಂಬ ಭರವಸೆಯಿಲ್ಲ. ಎಲ್ಲಿ ನೀರಿದೆ ಎಂದು ನೋಡದೆ ತೋಟದ ಹನ್ನೆರಡು ಕಡೆ ಬೋರ್‌ವೆಲ್ ಕೊರೆದ ಹಾಗೆ.

ಯಂತ್ರದ ಕೆಲಸ

ಎಂಆರ್‌ಐ ಯಂತ್ರದಲ್ಲಿ ಎಕ್ಸ್‌ರೇ ಇಲ್ಲ, ವಿಕಿರಣದ ಭಯವಿಲ್ಲ. ಅದು ಒಂದು ದೊಡ್ಡ ಅಯಸ್ಕಾಂತ. ಸಾಮಾನ್ಯ ಯಂತ್ರಗಳ ಶಕ್ತಿ 1.5 ಟೆಸ್ಲಾ ಅಥವಾ 3 ಟೆಸ್ಲಾ. 1.5 ಟೆಸ್ಲಾ ಎಂದರೆ ಭೂಮಿಯ ಕಾಂತಬಲಕ್ಕಿಂತ 30 ಸಾವಿರ ಪಟ್ಟಿಗೂ ಹೆಚ್ಚು. ನಮ್ಮ ದೇಹದ ಬಹುಭಾಗ ನೀರು, ನೀರಿನಲ್ಲಿ ಜಲಜನಕ. ಕಾಂತಬಲದಲ್ಲಿ ಜಲಜನಕದ ಪರಮಾಣುಗಳ ನಡುಗೇಂದ್ರಗಳು ಒಂದು ಶಿಸ್ತಿಗೆ ಬರುತ್ತವೆ. ರೇಡಿಯೊ ಅಲೆ ಕಳಿಸಿ ಆ ಶಿಸ್ತನ್ನು ಕದಲಿಸಿ, ಅವು ಮರಳಿ ಮೊದಲಿನ ಸ್ಥಿತಿಗೆ ಬರುವಾಗ ಹೊಮ್ಮಿಸುವ ಸಂಕೇತವನ್ನು ಹಿಡಿದು ಗಣಕವು ಚಿತ್ರ ಕಟ್ಟುತ್ತದೆ. ಈ ತಂತ್ರಕ್ಕಾಗಿ ಪಾಲ್ ಲೌಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಬಂತು.

ಪ್ರಾಸ್ಟೇಟಿಗೆ ಮೂರು ಬಗೆಯ ಚಿತ್ರ ತೆಗೆಯುತ್ತಾರೆ. ಮೊದಲನೆಯದು ರಚನೆಯ ಚಿತ್ರ. ಇದರಲ್ಲಿ ಆರೋಗ್ಯವಂತ ಹೊರವಲಯ ಬೆಳ್ಳಗೆ, ರೋಗವಿರಬಹುದಾದ ಜಾಗ ಕಪ್ಪಗೆ ಕಾಣುತ್ತದೆ. ಎರಡನೆಯದು ನೀರಿನ ಅಣುಗಳ ಓಡಾಟದ ಚಿತ್ರ. ಕ್ಯಾನ್ಸರಿನಲ್ಲಿ ಜೀವಕೋಶಗಳು ಒತ್ತೊತ್ತಾಗಿ ತುಂಬಿರುವುದರಿಂದ ನೀರಿನ ಅಣುಗಳಿಗೆ ಸರಿದಾಡಲು ಜಾಗವಿರುವುದಿಲ್ಲ, ಅದು ಚಿತ್ರದಲ್ಲಿ ಎದ್ದು ಕಾಣುತ್ತದೆ. ಮೂರನೆಯದು ಇಂದಿನ ನಮ್ಮ ವಿಷಯವಾದ ಕಾಂಟ್ರಾಸ್ಟ್ ಚಿತ್ರ.

ಕೈಯ ರಕ್ತನಾಳಕ್ಕೆ ಗ್ಯಾಡೊಲಿನಿಯಂ ಎಂಬ ಧಾತುವಿನ ದ್ರಾವಣವನ್ನು ಚುಚ್ಚುತ್ತಾರೆ. 60 ಕಿಲೊ ತೂಕದವರಿಗೆ ಸಾಮಾನ್ಯ ದ್ರಾವಣವಾದರೆ ಸುಮಾರು 12 ಮಿಲಿ. ಇದು ತಲುಪಿದ ಅಂಗಾಂಶ ಚಿತ್ರದಲ್ಲಿ ಬೆಳಗುತ್ತದೆ. ಚುಚ್ಚಿದ ಕ್ಷಣದಿಂದ ಎರಡು ನಿಮಿಷಕ್ಕೂ ಹೆಚ್ಚು ಹೊತ್ತು, ಹದಿನೈದು ಸೆಕೆಂಡಿಗೊಂದರಂತೆ ಅಥವಾ ಅದಕ್ಕೂ ಬೇಗ ಬೇಗ ಚಿತ್ರ ತೆಗೆಯುತ್ತ ಹೋಗುತ್ತಾರೆ. ಇಲ್ಲಿ ಮುಖ್ಯವಾದದ್ದು ಕಾಲ. ಯಾವ ಜಾಗ ಮೊದಲು ಬೆಳಗಿತು, ಯಾವುದು ಮೊದಲು ಮಂಕಾಯಿತು ಎಂಬುದನ್ನು ನೋಡುತ್ತಾರೆ.

ಇದು ಏಕೆಂಬುದನ್ನು ನಮ್ಮ ನೀರುಗಂಟಿಯವರು ನನಗೆ ಮೊದಲೇ ಕಲಿಸಿದ್ದರು, ನನಗೆ ಗೊತ್ತಿರಲಿಲ್ಲ ಅಷ್ಟೇ. ನಾನು ಹೊಸದಾಗಿ ಸೇವೆಗೆ ಬಂದಾಗ ಒಂದು ಕೇರಿಗೆ ನೀರು ಏರುತ್ತಿರಲಿಲ್ಲ. ನಾನು ನಕ್ಷೆ ಬಿಡಿಸಿಕೊಂಡು ಒತ್ತಡದ ಲೆಕ್ಕ ಹಾಕುತ್ತ ಕುಳಿತೆ. ಅವರು ನಕ್ಕು, “ಬೆಳಗಿನ ಜಾವ ಬನ್ನಿ ಸರ್” ಎಂದರು. ಐದು ಗಂಟೆಗೆ ವಾಲ್ವ್ ತೆರೆದು, ಟಾರ್ಚ್ ಹಿಡಿದು ಪೈಪಿನ ಗುಂಟ ನಡೆದೆವು. ಒಂದು ಕಡೆ ನೆಲ ಎಲ್ಲಕ್ಕಿಂತ ಮೊದಲು ಒದ್ದೆಯಾಯಿತು. ವಾಲ್ವ್ ಮುಚ್ಚಿದ ಮೇಲೆ ನೀರು ಮೊದಲು ಇಳಿದದ್ದೂ ಅಲ್ಲಿಯೇ. ಅಗೆದು ನೋಡಿದರೆ ಯಾರೋ ಅವಸರದಲ್ಲಿ ಹಾಕಿದ ಅಕ್ರಮ ಜೋಡಣೆ, ಸಡಿಲ ಕೀಲು. ಹಗಲಿನಲ್ಲಿ ನಿಂತ ನೀರನ್ನು ನೋಡಿದ್ದರೆ ನಮಗೆ ಏನೂ ತಿಳಿಯುತ್ತಿರಲಿಲ್ಲ, ಇಡೀ ಜಾಗವೇ ಒದ್ದೆಯಾಗಿರುತ್ತಿತ್ತು.

ಕ್ಯಾನ್ಸರ್ ಗಡ್ಡೆಯೂ ತನ್ನ ಹಸಿವಿಗೆ ಇಂಥ ಅವಸರದ ಜೋಡಣೆಗಳನ್ನು ಮಾಡಿಕೊಳ್ಳುತ್ತದೆ. ಅದು ಬೆಳೆಸಿಕೊಳ್ಳುವ ಹೊಸ ರಕ್ತನಾಳಗಳು ಒರಟು, ಸೋರುವಂಥವು. ಕಾಂಟ್ರಾಸ್ಟ್ ದ್ರಾವಣ ಅಲ್ಲಿಗೆ ಬೇಗ ನುಗ್ಗುತ್ತದೆ, ಅನೇಕ ಬಾರಿ ಬೇಗ ಹೊರಗೂ ಹೋಗುತ್ತದೆ. ಸುತ್ತಲಿನ ಆರೋಗ್ಯವಂತ ಅಂಗಾಂಶ ನಿಧಾನವಾಗಿ ಬೆಳಗುತ್ತದೆ. ಆ ಮೊದಲ ಕೆಲವು ಸೆಕೆಂಡುಗಳ ವ್ಯತ್ಯಾಸವೇ ಸಾಕ್ಷಿ.

ಅಂಕಗಳ ಅರ್ಥ

ಮೂರೂ ಚಿತ್ರಗಳನ್ನು ನೋಡಿ ರೇಡಿಯಾಲಜಿಸ್ಟ್ ಒಂದು ಅಂಕ ಕೊಡುತ್ತಾರೆ. ಅದಕ್ಕೆ ಪೈ-ರಾಡ್ಸ್ ಎನ್ನುತ್ತಾರೆ. 2012ರಲ್ಲಿ ಮೊದಲು ರೂಪುಗೊಂಡ ಈ ಪದ್ಧತಿಯ 2.1ನೇ ಆವೃತ್ತಿ 2019ರಲ್ಲಿ ಬಂತು. 1 ಮತ್ತು 2 ಎಂದರೆ ಗಂಭೀರ ಕ್ಯಾನ್ಸರಿನ ಸಾಧ್ಯತೆ ಕಡಿಮೆ. 4 ಮತ್ತು 5 ಎಂದರೆ ಹೆಚ್ಚು. 3 ಎಂದರೆ ಖಚಿತವಾಗಿ ಹೇಳಲಾಗದು.

ಹೊರವಲಯದಲ್ಲಿ ನೀರಿನ ಓಡಾಟದ ಚಿತ್ರವೇ ಮುಖ್ಯ ತೀರ್ಪುಗಾರ. ಅದು 3 ಎಂದು ಅನುಮಾನದಲ್ಲಿ ನಿಂತಾಗ ಕಾಂಟ್ರಾಸ್ಟ್ ಚಿತ್ರದ ಮಾತು ಕೇಳುತ್ತಾರೆ. ಅದೇ ಜಾಗ ಬೇಗ ಬೆಳಗಿದ್ದರೆ ಅಂಕ 4ಕ್ಕೆ ಏರುತ್ತದೆ. ಗ್ರಂಥಿಯ ಒಳಭಾಗದಲ್ಲಿ ಮಾತ್ರ ಕಾಂಟ್ರಾಸ್ಟಿಗೆ ಅಷ್ಟು ಬೆಲೆಯಿಲ್ಲ, ಏಕೆಂದರೆ ಅಲ್ಲಿ ನಿರುಪದ್ರವಿ ಗಂಟುಗಳೂ ಹಾಗೆಯೇ ಬೆಳಗುತ್ತವೆ.

ನಮ್ಮ ತಂದೆಯವರಿಗೆ ಆದದ್ದು ಇದೇ. ಮೊದಲು ಒಂದು ಕಡೆ ಎಂಆರ್‌ಐ ಮಾಡಿಸಿದೆವು. ಹೊಟ್ಟೆಯ ಕೆಳಭಾಗದ ಸಾಮಾನ್ಯ ಚಿತ್ರ ತೆಗೆದರು, ಪ್ರಾಸ್ಟೇಟಿಗೆ ಬೇಕಾದ ಕ್ರಮದಲ್ಲಿ ತೆಗೆಯಲಿಲ್ಲ. “ಗ್ರಂಥಿ ಹಿಗ್ಗಿದೆ” ಎಂಬ ವರದಿ ಬಂತು. ಮೂತ್ರರೋಗ ತಜ್ಞರು ಅದನ್ನು ಒಪ್ಪದೆ ಮತ್ತೊಮ್ಮೆ ಕ್ರಮಬದ್ಧವಾಗಿ ಮಾಡಿಸಲು ಹೇಳಿದರು. ಎರಡನೆಯ ಬಾರಿ ಎಡ ಹೊರವಲಯದಲ್ಲಿ 9 ಮಿಲಿಮೀಟರಿನ ಒಂದು ಚುಕ್ಕೆ ಕಂಡಿತು. ಓಡಾಟದ ಚಿತ್ರದಲ್ಲಿ 3. ಕಾಂಟ್ರಾಸ್ಟ್ ಹಾಕಿದಾಗ ಅದೇ ಚುಕ್ಕೆ ಎಲ್ಲಕ್ಕಿಂತ ಮೊದಲು ಬೆಳಗಿತು. ಒಟ್ಟು ಅಂಕ 4. ನನಗೆ ಆ ಬೆಳಗಿನ ಜಾವದ ಒದ್ದೆ ನೆಲ ನೆನಪಾಯಿತು.

ಎಂಆರ್‌ಐ ಇನ್ನೊಂದು ಲೆಕ್ಕಕ್ಕೂ ದಾರಿ ಮಾಡಿಕೊಡುತ್ತದೆ. ಗ್ರಂಥಿಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 0.52ರಿಂದ ಮತ್ತೆ ಗುಣಿಸಿದರೆ ಗಾತ್ರ ಸಿಗುತ್ತದೆ. ಪಿಎಸ್‌ಎಯನ್ನು ಆ ಗಾತ್ರದಿಂದ ಭಾಗಿಸಿದರೆ ಪಿಎಸ್‌ಎ ಸಾಂದ್ರತೆ. ಇಬ್ಬರಿಗೂ ಪಿಎಸ್‌ಎ 6 ಇದೆ ಎನ್ನಿ. ಒಬ್ಬರ ಗ್ರಂಥಿ 60 ಮಿಲಿ, ಸಾಂದ್ರತೆ 0.10. ಇನ್ನೊಬ್ಬರದು 30 ಮಿಲಿ, ಸಾಂದ್ರತೆ 0.20. ಸಾಮಾನ್ಯವಾಗಿ 0.15 ಮೀರಿದರೆ ಹೆಚ್ಚು ಎಚ್ಚರ ವಹಿಸುತ್ತಾರೆ. ರಕ್ತದ ಅಂಕೆ ಒಂದೇ ಆದರೂ ಇಬ್ಬರ ಪರಿಸ್ಥಿತಿ ಒಂದೇ ಅಲ್ಲ. ನಮ್ಮ ತಂದೆಯವರ ಗ್ರಂಥಿ 38 ಮಿಲಿ ಇತ್ತು. 7.8 ಭಾಗಿಸು 38, ಅಂದರೆ 0.2ಕ್ಕಿಂತ ತುಸು ಹೆಚ್ಚು. ಈ ಭಾಗಾಕಾರವನ್ನು ನಾನು ಮೇ ತಿಂಗಳಿನಲ್ಲಿಯೇ ಮಾಡಬಹುದಿತ್ತೇ? ಗ್ರಂಥಿಯ ಗಾತ್ರ ತಿಳಿಯದೆ ಆಗುತ್ತಿರಲಿಲ್ಲ. ಆದರೆ ವರದಿಯನ್ನು ಯಾರಿಗಾದರೂ ತೋರಿಸಬಹುದಿತ್ತು.

ಸಂಶೋಧನೆಗಳ ಸಾಕ್ಷ್ಯ

2017ರಲ್ಲಿ ಬ್ರಿಟನ್ನಿನ ಪ್ರಾಮಿಸ್ ಅಧ್ಯಯನದಲ್ಲಿ 576 ಪುರುಷರಿಗೆ ಎಂಆರ್‌ಐ, ಹಳೆಯ ಬಯಾಪ್ಸಿ, ಜೊತೆಗೆ ಇಡೀ ಗ್ರಂಥಿಯ ಸೂಕ್ಷ್ಮ ಬಯಾಪ್ಸಿ ಮೂರನ್ನೂ ಮಾಡಿ ಹೋಲಿಸಿದರು. ಗಂಭೀರ ಕ್ಯಾನ್ಸರ್ ಇದ್ದ 100 ಜನರಲ್ಲಿ ಎಂಆರ್‌ಐ 93 ಜನರನ್ನು ಗುರುತಿಸಿತು, ಹಳೆಯ ಬಯಾಪ್ಸಿ 48 ಜನರನ್ನು ಮಾತ್ರ. ಎಂಆರ್‌ಐಯನ್ನು ಮೊದಲು ಮಾಡಿದರೆ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಬಯಾಪ್ಸಿಯೇ ಬೇಕಾಗುವುದಿಲ್ಲ ಎಂದೂ ತಿಳಿಯಿತು. ಮರುವರ್ಷ 500 ಜನರ ಪ್ರಿಸಿಶನ್ ಅಧ್ಯಯನದಲ್ಲಿ, ಎಂಆರ್‌ಐ ನೋಡಿ ಗುರಿಯಿಟ್ಟು ಸೂಜಿ ಹಾಕಿದ ಗುಂಪಿನಲ್ಲಿ ಶೇ. 38 ಜನರಲ್ಲಿ ಗಂಭೀರ ರೋಗ ಪತ್ತೆಯಾಯಿತು, ಹಳೆಯ ಕ್ರಮದ ಗುಂಪಿನಲ್ಲಿ ಶೇ. 26 ಜನರಲ್ಲಿ.

ಆದರೆ ಎಂಆರ್‌ಐ ಅಂತಿಮ ತೀರ್ಪಲ್ಲ. ಅದೇ ಪ್ರಾಮಿಸ್ ಅಧ್ಯಯನದಲ್ಲಿ ಗಂಭೀರ ಕ್ಯಾನ್ಸರ್ ಇಲ್ಲದ 100 ಜನರಲ್ಲಿ 41 ಜನರನ್ನು ಮಾತ್ರ ಅದು ಸರಿಯಾಗಿ “ಇಲ್ಲ” ಎಂದಿತು, ಉಳಿದವರ ಮೇಲೂ ಅನುಮಾನಪಟ್ಟಿತು. ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದನ್ನು ಬಯಾಪ್ಸಿಯೇ ಹೇಳಬೇಕು. ವರದಿಯಲ್ಲಿ 4 ಎಂದು ಕಂಡ ಕೂಡಲೇ ಮನೆಯವರು ಅಳುತ್ತ ಕೂರಬೇಕಿಲ್ಲ, 2 ಎಂದು ಬಂದರೆ ಮುಂದಿನ ಪಿಎಸ್‌ಎ ಪರೀಕ್ಷೆಯನ್ನು ಬಿಡುವಂತೆಯೂ ಇಲ್ಲ.

ಹಾಗಾದರೆ ಕಾಂಟ್ರಾಸ್ಟ್ ಎಲ್ಲರಿಗೂ ಬೇಕೇ? ಈ ಪ್ರಶ್ನೆಗೆ 2025ರಲ್ಲಿ ಪ್ರಕಟವಾದ ಪ್ರೈಮ್ ಅಧ್ಯಯನ ಉತ್ತರಿಸಿದೆ. 12 ದೇಶಗಳ 490 ಪುರುಷರಲ್ಲಿ ಕಾಂಟ್ರಾಸ್ಟ್ ಇಲ್ಲದ ಎರಡು ಬಗೆಯ ಚಿತ್ರಗಳಿಂದ ಶೇ. 29.2 ಜನರಲ್ಲಿ, ಕಾಂಟ್ರಾಸ್ಟ್ ಸೇರಿದ ಮೂರು ಬಗೆಯ ಚಿತ್ರಗಳಿಂದ ಶೇ. 29.6 ಜನರಲ್ಲಿ ಗಂಭೀರ ಕ್ಯಾನ್ಸರ್ ಪತ್ತೆಯಾಯಿತು. ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ನಮ್ಮ ತಂದೆಯವರಿಗೆ ಕಾಂಟ್ರಾಸ್ಟ್ ನೆರವಾಯಿತೆಂಬ ಒಂದು ಮನೆಯ ಅನುಭವವನ್ನು ಈ ಅಧ್ಯಯನದ ಎದುರು ತೂಗಿ ನೋಡಲಾಗದು. ಆದರೆ ಆ ಫಲಿತಾಂಶ ನಿಂತಿರುವುದು ಎರಡು ಷರತ್ತುಗಳ ಮೇಲೆ. ಚಿತ್ರ ಉತ್ತಮ ಗುಣಮಟ್ಟದ್ದಾಗಿರಬೇಕು, ನೋಡುವವರು ಪಳಗಿದವರಾಗಿರಬೇಕು. ಸೊಂಟಕ್ಕೆ ಕೃತಕ ಕೀಲು ಹಾಕಿಸಿಕೊಂಡು ಓಡಾಟದ ಚಿತ್ರ ಕೆಟ್ಟುಹೋಗುವವರಲ್ಲಿ, ಚಿಕಿತ್ಸೆಯಾದ ಮೇಲೆ ರೋಗ ಮರಳಿದೆಯೇ ಎಂದು ನೋಡಬೇಕಾದವರಲ್ಲಿ ಕಾಂಟ್ರಾಸ್ಟಿನ ಬೆಲೆ ಇಂದಿಗೂ ದೊಡ್ಡದು. ಆದ್ದರಿಂದ “ಕಾಂಟ್ರಾಸ್ಟ್ ಬೇಕೇ, ಏಕೆ?” ಎಂದು ವೈದ್ಯರನ್ನು ಕೇಳುವ ಹಕ್ಕು ನಿಮಗಿದೆ. ಕೇಳಿದರೆ ಕೆಲವೊಮ್ಮೆ ಖರ್ಚೂ ಉಳಿಯುತ್ತದೆ.

ಎಂಆರ್‌ಐಗೆ ಹೋಗುವ ಮುನ್ನ

ಮೂತ್ರಪಿಂಡದ ತೊಂದರೆ ಇದ್ದವರು, ದೀರ್ಘಕಾಲದಿಂದ ಸಕ್ಕರೆ ಕಾಯಿಲೆ ಇದ್ದವರು ಕಾಂಟ್ರಾಸ್ಟಿಗೆ ಮುನ್ನ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿಕೊಂಡಿರಬೇಕು. ಮೂತ್ರಪಿಂಡ ತೀರ ದುರ್ಬಲವಾಗಿದ್ದವರಲ್ಲಿ ಕೆಲವು ಹಳೆಯ ಗ್ಯಾಡೊಲಿನಿಯಂ ದ್ರಾವಣಗಳಿಂದ ಚರ್ಮ ಮತ್ತು ಅಂಗಾಂಗಗಳು ಗಡುಸಾಗುವ ರೋಗ ಬರುತ್ತದೆಂಬುದು 2006ರಲ್ಲಿ ಬೆಳಕಿಗೆ ಬಂತು. ಅಂಥ ಕೆಲವು ದ್ರಾವಣಗಳ ಬಳಕೆಯನ್ನು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ತಡೆಹಿಡಿಯಿತು. ಈಗಿನ ಹೊಸ ಬಗೆಯವು ಹೆಚ್ಚು ಸುರಕ್ಷಿತ. ಆದರೂ ಹಿಂದೆ ಕಾಂಟ್ರಾಸ್ಟಿನಿಂದ ತುರಿಕೆ, ಉಬ್ಬಸ ಆಗಿದ್ದರೆ ಮುಚ್ಚಿಡಬೇಡಿ.

ಪೇಸ್‌ಮೇಕರ್, ಕಿವಿಯೊಳಗಿನ ಯಂತ್ರ, ಮೆದುಳಿನ ಕ್ಲಿಪ್ ಇದ್ದರೆ ಅದರ ಕಾರ್ಡಿನೊಡನೆ ಮೊದಲೇ ತಿಳಿಸಬೇಕು. ವೆಲ್ಡಿಂಗ್, ಗ್ರೈಂಡಿಂಗ್ ಕೆಲಸ ಮಾಡಿದವರ ಕಣ್ಣಿನಲ್ಲಿ ಕಬ್ಬಿಣದ ಚೂರು ಉಳಿದಿರುವ ಸಾಧ್ಯತೆ ಉಂಟು. ನಮ್ಮ ಬಂದರುಗಳಲ್ಲಿ ದೋಣಿ ದುರಸ್ತಿ ಮಾಡಿದವರು ಇದನ್ನು ಮರೆಯದೆ ಹೇಳಬೇಕು. ಉಡಿದಾರದ ಬೆಳ್ಳಿ, ತಾಯಿತ, ಉಂಗುರ, ನಾಣ್ಯ, ಮೊಬೈಲು, ಬ್ಯಾಂಕ್ ಕಾರ್ಡು ಎಲ್ಲವೂ ಹೊರಗೆ. ಯಂತ್ರದಲ್ಲಿ ಸುಮಾರು ಅರ್ಧದಿಂದ ಮುಕ್ಕಾಲು ಗಂಟೆ ಅಲುಗದೆ ಮಲಗಬೇಕು. ಸದ್ದು ಜೋರು, ಕಿವಿಗೆ ಮುಚ್ಚಳ ಕೊಡುತ್ತಾರೆ. ಭಯವಾದರೆ ಒತ್ತಲು ಕೈಯಲ್ಲಿ ಗುಂಡಿ ಇರುತ್ತದೆ. ಈಗಾಗಲೇ ಬಯಾಪ್ಸಿ ಆಗಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿ ಚಿತ್ರ ದಾರಿ ತಪ್ಪಿಸಬಹುದು, ಸಾಮಾನ್ಯವಾಗಿ ಆರು ವಾರವಾದರೂ ಕಾಯಿಸುತ್ತಾರೆ. ಆದ್ದರಿಂದ ಸಾಧ್ಯವಿದ್ದಲ್ಲಿ ಎಂಆರ್‌ಐ ಮೊದಲು, ಸೂಜಿ ಆಮೇಲೆ.

ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು ಒಂದು ಫೋನ್ ಕರೆ. “ನಿಮ್ಮಲ್ಲಿ ಪ್ರಾಸ್ಟೇಟ್ ಎಂಆರ್‌ಐ ಮಾಡುತ್ತೀರಾ? ವರದಿಯಲ್ಲಿ ಪೈ-ರಾಡ್ಸ್ ಅಂಕ ಕೊಡುತ್ತೀರಾ?” ಎಂದು ಕೇಳಿ ಹೊರಡಿ. ನಾವು ಕೇಳದೆ ಹೋಗಿ ಒಂದು ದಿನ, ಒಂದು ಬಾಡಿಗೆ ಕಾರು, ಒಂದು ಶುಲ್ಕ ಕಳೆದುಕೊಂಡೆವು.

ದೂರದ ಲೆಕ್ಕ

ಆ ಒಂದು ದಿನದ ಬೆಲೆ ನಮ್ಮ ಮೂರು ತಾಲೂಕಿನವರಿಗೆ ಚೆನ್ನಾಗಿ ಗೊತ್ತು. ಭಟ್ಕಳದಿಂದ ಮಣಿಪಾಲ 90 ಕಿ.ಮೀ. ಆಸುಪಾಸು. ಕುಮಟಾದವರಿಗೆ ಅದರ ಮೇಲೆ ಇನ್ನೂ ಸುಮಾರು 60. ಹುಬ್ಬಳ್ಳಿಗೆ ಹೋಗಬೇಕೆಂದರೆ ಘಟ್ಟ ಹತ್ತಬೇಕು, ಮಳೆಗಾಲದಲ್ಲಿ ದೇವಿಮನೆ ಘಟ್ಟದ ಸ್ಥಿತಿ ಹೇಳಬೇಕಾಗಿಲ್ಲ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಬಳಿ ಮಗುಚಿ ನಾಲ್ವರು ತೀರಿಕೊಂಡದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಜನರ ಬೇಡಿಕೆ ಆ ನಂತರ ಇನ್ನಷ್ಟು ಗಟ್ಟಿಯಾಯಿತು. ಅದು ನನ್ನ ಮಟ್ಟದಲ್ಲಿ ತೀರ್ಮಾನವಾಗುವ ವಿಷಯವಲ್ಲ. ಆದರೆ ಯಂತ್ರದ ಬೆಲೆಯೇ ದೊಡ್ಡ ತಡೆಯಾಗಿರುವಲ್ಲಿ ಒಂದು ಆಶಾದಾಯಕ ಸುದ್ದಿಯಿದೆ. ಬೆಂಗಳೂರಿನ ವೋಕ್ಸೆಲ್‌ಗ್ರಿಡ್ಸ್ ಸಂಸ್ಥೆ ರೂಪಿಸಿದ ದೇಶೀಯ 1.5 ಟೆಸ್ಲಾ ಎಂಆರ್‌ಐ ಯಂತ್ರವನ್ನು 2023ರಲ್ಲಿ ಅನಾವರಣಗೊಳಿಸಲಾಯಿತು. ದುಬಾರಿ ದ್ರವ ಹೀಲಿಯಂ ಅದಕ್ಕೆ ಬೇಡ. ಇಂಥವು ಬಳಕೆಗೆ ಬಂದಂತೆ ಸಣ್ಣ ಊರುಗಳಿಗೂ ಯಂತ್ರ ಹತ್ತಿರವಾದೀತು.

ಖರ್ಚಿನ ಕುರಿತು ಒಂದು ಮಾತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು ನೆರವು ಇದೆ. ತುರ್ತು ಅಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ಪಡೆಯಬೇಕು. ಎಂಆರ್‌ಐ ವೆಚ್ಚ ಯಾವ ಸಂದರ್ಭದಲ್ಲಿ ಯೋಜನೆಯೊಳಗೆ ಬರುತ್ತದೆ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿ. ರೆಫರಲ್ ಇಲ್ಲದೆ ನೇರ ಹೋಗಿ ಹಣ ಕಟ್ಟಿದ ಮೇಲೆ ನಮ್ಮ ಬಳಿ ಬಂದರೆ ಪಂಚಾಯಿತಿ ಏನೂ ಮಾಡಲಾಗದು.

ಪತ್ತೆಯಾದರೆ ಮುಂದೇನು

ಬಯಾಪ್ಸಿಯಲ್ಲಿ ಕ್ಯಾನ್ಸರ್ ಕಂಡರೆ ಅದರ ಉಗ್ರತೆಯನ್ನು 1ರಿಂದ 5ರವರೆಗಿನ ಗುಂಪುಗಳಲ್ಲಿ ಹೇಳುತ್ತಾರೆ. ರೋಗ ಗ್ರಂಥಿಯ ಕವಚ ದಾಟಿದೆಯೇ, ವೀರ್ಯಕೋಶಕ್ಕೆ, ಹಾಲ್ರಸ ಗ್ರಂಥಿಗಳಿಗೆ ತಲುಪಿದೆಯೇ ಎಂಬುದನ್ನು ಎಂಆರ್‌ಐ ತೋರಿಸುತ್ತದೆ. ಶಸ್ತ್ರಚಿಕಿತ್ಸೆಯೋ ವಿಕಿರಣ ಚಿಕಿತ್ಸೆಯೋ ಎಂಬ ನಿರ್ಧಾರಕ್ಕೆ ಇದು ಬೇಕು. ಮೊದಲ ಗುಂಪಿನವರಿಗೆ ಅನೇಕ ಬಾರಿ ಚಿಕಿತ್ಸೆಯೇ ಬೇಡ, ನಿಯಮಿತವಾಗಿ ಗಮನಿಸುತ್ತ ಹೋದರೆ ಸಾಕು. ಬ್ರಿಟನ್ನಿನಲ್ಲಿ ಗ್ರಂಥಿಯೊಳಗೇ ಇದ್ದ ರೋಗದ 1,643 ಜನರನ್ನು 15 ವರ್ಷ ಹಿಂಬಾಲಿಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆ, ವಿಕಿರಣ, ಗಮನಿಸುವಿಕೆ ಇವುಗಳಲ್ಲಿ ಯಾವುದನ್ನು ಆರಿಸಿದ್ದರೂ ಈ ಕ್ಯಾನ್ಸರಿನಿಂದ ತೀರಿಕೊಂಡವರು 100ರಲ್ಲಿ ಸುಮಾರು 3 ಜನ ಮಾತ್ರ. ಬೇಗ ಸಿಕ್ಕ ಪ್ರಾಸ್ಟೇಟ್ ಕ್ಯಾನ್ಸರ್ ಮರಣಶಾಸನವಲ್ಲ.

ನಮ್ಮ ತಂದೆಯವರದು ಎರಡನೆಯ ಗುಂಪು, ಕವಚದ ಒಳಗೇ ಇತ್ತು. ಆಸ್ಪತ್ರೆಯ ಬಳಿ ಕೋಣೆ ಬಾಡಿಗೆಗೆ ಹಿಡಿದು ನಾಲ್ಕು ವಾರ, 20 ಬಾರಿ ವಿಕಿರಣ ಚಿಕಿತ್ಸೆ ಮಾಡಿಸಿದೆವು. ಎರಡು ವರ್ಷವಾಯಿತು, ಪಿಎಸ್‌ಎ ಕೆಳಗೇ ಇದೆ. ಮೊನ್ನೆ ತೋಟದಲ್ಲಿ ಅಡಿಕೆ ಹೆಕ್ಕುತ್ತಿದ್ದರು. ನಾನು ಕಳೆದ ಆ ನಾಲ್ಕು ತಿಂಗಳು ಅವರಿಗೆ ಕೇಡು ಮಾಡಲಿಲ್ಲ. ಅದು ಆ ರೋಗದ ನಿಧಾನ, ನನ್ನ ಜಾಣತನವಲ್ಲ. ನಮ್ಮ ನೀರುಗಂಟಿಯವರಿಗೆ ಆ ನಿಧಾನ ಸಿಗಲಿಲ್ಲ.

ಪಂಚಾಯಿತಿಗಳು ಮಾಡಬಹುದಾದದ್ದು

ಕೊನೆಯದಾಗಿ ಮೂರು ವಿನಂತಿಗಳು.

ಒಂದು, ಆಶಾ ಸಹೋದರಿಯರು ಮನೆಭೇಟಿಯಲ್ಲಿ ರಕ್ತದೊತ್ತಡ, ಸಕ್ಕರೆ ಕೇಳುವಾಗ ಐವತ್ತು ದಾಟಿದ ಪುರುಷರಿದ್ದರೆ ರಾತ್ರಿ ಎಷ್ಟು ಬಾರಿ ಏಳುತ್ತಾರೆ, ಮೂತ್ರದಲ್ಲಿ ರಕ್ತ ಕಂಡಿದೆಯೇ, ಬಿಡದ ಸೊಂಟನೋವು ಇದೆಯೇ ಎಂದು ಕೇಳಿ. ಗಂಡಸರು ನಿಮಗೆ ಹೇಳಲು ಹಿಂಜರಿದರೆ ಆರೋಗ್ಯ ಕೇಂದ್ರದ ಪುರುಷ ಸಿಬ್ಬಂದಿಗೆ ಮನೆಯ ವಿಳಾಸ ತಲುಪಿಸಿ.

ಎರಡು, ಎಂಆರ್‌ಐಗೆ ಮುನ್ನ ತಿಳಿಸಬೇಕಾದ ವಿಷಯಗಳ ಒಂದು ಪುಟದ ಪಟ್ಟಿಯನ್ನು ಪ್ರತಿ ಪಂಚಾಯಿತಿಯ ಗ್ರಂಥಾಲಯದಲ್ಲಿ ಅಂಟಿಸೋಣ. ಇದಕ್ಕೆ ಪ್ರತ್ಯೇಕ ಅನುದಾನ ಬೇಕಾಗಿಲ್ಲ.

ಮೂರು, ಇದು ನಮ್ಮಂಥ ಮಕ್ಕಳಿಗೆ. ನಮ್ಮ ಕರಾವಳಿಯಲ್ಲಿ ತಂದೆ ಊರಿನಲ್ಲಿ, ಮಗ ದುಬೈಯಲ್ಲೋ ಬೆಂಗಳೂರಿನಲ್ಲೋ ಇರುವ ಮನೆಗಳೇ ಹೆಚ್ಚು. ವರದಿ ಮಾತ್ರ ಮಗನ ಮೊಬೈಲಿಗೆ ಬರುತ್ತದೆ. ಬಂದ ವರದಿಗೆ ನೀವೇ ಒಂದು ಗಡುವು ಹಾಕಿಕೊಳ್ಳಿ, ಏಳು ದಿನ ಎನ್ನಿ. ಅಷ್ಟರೊಳಗೆ ಅದನ್ನು ಒಬ್ಬ ವೈದ್ಯರು ನೋಡಿರಬೇಕು. ಸರ್ಕಾರದ ಸೇವೆಗಳಿಗೆ ಸಕಾಲ ಇದೆ. ಮನೆಯ ಹಿರಿಯರಿಗೆ ನಾವೇ ಸಕಾಲ.

ಹಿರಿಯರೇ, ಸಭೆ ಮುಗಿದ ಮೇಲೆ ವೈದ್ಯಾಧಿಕಾರಿಗಳು ಪಕ್ಕದ ಕೋಣೆಯಲ್ಲಿ ಒಬ್ಬೊಬ್ಬರೊಡನೆ ಪ್ರತ್ಯೇಕವಾಗಿ ಮಾತನಾಡಲಿದ್ದಾರೆ. ಬಾಗಿಲು ಹಾಕಿರುತ್ತದೆ, ಹೊರಗೆ ಯಾರಿಗೂ ಕೇಳಿಸುವುದಿಲ್ಲ. ದಯಮಾಡಿ ಒಮ್ಮೆ ಒಳಗೆ ಹೋಗಿ ಬನ್ನಿ.